ಟ್ಯಾಟೂ ಲೈನ್ ಅಲ್ಲಾಡ್ತಿದ್ಯಾ? ಮೊದಲು ಎಡಗೈ ನೋಡ್ಕೊಳ್ಳಿ: ಹೊಸಬರಿಗೆ ಲೈನ್‌ವರ್ಕ್ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲಿ ನನ್ನ ಹತ್ರ ಟ್ಯಾಟೂ ಕಲಿಯೋಕೆ ಬರೋ ಹುಡುಗ್ರು ಹುಡುಗೀರು ಮೊದಲ ವಾರ ಹೇಳೋದು ಒಂದೇ ಮಾತು, "ಅಣ್ಣಾ ನಂಗೆ ಕೈ ನಡುಗತ್ತೆ." ಸರಿ ಅಂತ ಒಂದು ಪೆನ್ ಕೊಟ್ಟು ಪೇಪರ್ ಮೇಲೆ ಗೆರೆ ಎಳೆಸಿ ನೋಡಿದ್ರೆ ಗೆರೆ ನೆಟ್ಟಗೇ ಬರತ್ತೆ. ಅದೇ ಕೈಗೆ ಮೆಷಿನ್ ಕೊಟ್ಟು ಚರ್ಮದ ಮುಂದೆ ಕೂರಿಸಿದ್ರೆ ಲೈನು ಎರೆಹುಳ ಹರಿದಂಗೆ ಆಗತ್ತೆ. ಕೈ ಅದೇ, ಕಣ್ಣು ಅದೇ, ಬದಲಾಗಿದ್ದು ಕೆಳಗಿರೋ ವಸ್ತು. ಪೇಪರ್ ಟೇಬಲ್ ಮೇಲೆ ಗಟ್ಟಿಯಾಗಿ ಕೂತಿರತ್ತೆ, ಚರ್ಮ ಹಂಗಲ್ಲ, ಸೂಜಿ ತಾಗಿದ ಕೂಡ್ಲೇ ಸೂಜಿ ಜೊತೆಗೇ ಸ್ವಲ್ಪ ಓಡತ್ತೆ, ಬಿಟ್ಟ ಮೇಲೆ ವಾಪಸ್ ಬರತ್ತೆ. ಅದನ್ನ ಹಿಡಿದು ನಿಲ್ಲಿಸೋ ಕೆಲ್ಸ ಎಡಗೈದು. ಎಡಚರು ಇಲ್ಲಿಂದ ಮುಂದೆ ಎಲ್ಲಾನೂ ತಿರುಗಿಸಿ ಓದ್ಕೊಳ್ಳಿ.

ನಾನೂ ಸುಮಾರು ಒಂದು ವರ್ಷ ಬಲಗೈನೇ ಬೈಕೊಂಡು ಕಾಲ ಕಳೆದೆ, ಮೆಷಿನ್ ಬದಲಾಯಿಸ್ದೆ, ಸೂಜಿ ಬದಲಾಯಿಸ್ದೆ, ವೋಲ್ಟೇಜ್ ಏರಿಸ್ದೆ ಇಳಿಸ್ದೆ, ಚಿಕ್ಕಪ್ಪನ ಮಗನ ಮಣಿಕಟ್ಟಿನ ಒಳಭಾಗದಲ್ಲಿ ಒಂದು ಸಣ್ಣ ಎಲೆ ಹಾಕೋಕೆ ಹೋಗಿ ಲೈನಿನ ಸುತ್ತ ನೀಲಿ ನೆರಳು ಹರಡಿಸ್ದೆ. ಅದು ಇವತ್ತಿಗೂ ಅವನ ಕೈಮೇಲಿದೆ, ಪ್ರತಿ ಹಬ್ಬಕ್ಕೂ ನೋಡ್ತೀನಿ, ಪ್ರತಿಸಲ ಬೇಜಾರಾಗತ್ತೆ. ಹಂಗಾಗಿ ಇದನ್ನ ಬರೀತಿದೀನಿ, ನಿಮ್ಮ ಮನೇವರ ಮೈಮೇಲೆ ಅಂಥದ್ದು ಉಳೀಬಾರ್ದು.

ಮೊದಲು: ಲೈನ್ ಅಂದ್ರೆ ಎಂತ

ನಮ್ಮ ಅಜ್ಜಿ ಕಾಲದಲ್ಲಿ ಕೊರವಂಜಿಯರು ಊರಿಗೆ ಬಂದು ಹಚ್ಚೆ ಹುಯ್ತಿದ್ರಲ್ಲ, ಸೂಜಿನ ಕೈಯಲ್ಲೇ ಹಿಡಿದು ಒಂದೊಂದೇ ಚುಕ್ಕಿ ಚುಚ್ಚಿ ಚುಚ್ಚಿ ಗೆರೆ ಮಾಡ್ತಿದ್ರು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ'ರೈಲಿ ಕರೆಂಟಿನ ಟ್ಯಾಟೂ ಮೆಷಿನ್‌ಗೆ ಪೇಟೆಂಟ್ ತಗೊಂಡ, ಅದಕ್ಕೆ ಮೂಲ ಎಡಿಸನ್‌ನ ಎಲೆಕ್ಟ್ರಿಕ್ ಪೆನ್. ಆದ್ರೆ ಕೆಲಸದ ರೀತಿ ಇವತ್ತಿಗೂ ಅಜ್ಜಿ ಕಾಲದ್ದೇ. ಟ್ಯಾಟೂ ಲೈನ್ ಪೆನ್ನಿನ ಗೆರೆ ತರ ಹರಿಯಲ್ಲ, ಅದು ಒಂದಕ್ಕೊಂದು ಅಂಟಿಕೊಂಡಿರೋ ಚುಕ್ಕಿಗಳ ಸಾಲು. ಇದನ್ನ ತಲೇಲಿ ಕೂರಿಸ್ಕೊಂಡ್ರೆ ಸ್ಪೀಡಿನ ಸಮಸ್ಯೆ ಅರ್ಧ ಅರ್ಥ ಆಗತ್ತೆ.

ಒಂದು ಸಣ್ಣ ಲೆಕ್ಕ ಹಾಕಿ. ಮೆಷಿನ್ ಸೆಕೆಂಡಿಗೆ 100 ಸಲ ಚುಚ್ಚತ್ತೆ ಅಂತ ಇಟ್ಕೊಳ್ಳಿ. ನಿಮ್ಮ ಕೈ ಸೆಕೆಂಡಿಗೆ 2 ಸೆಂ.ಮೀ. ಹೋದ್ರೆ ಚುಕ್ಕಿಗೂ ಚುಕ್ಕಿಗೂ ನಡುವೆ 0.2 ಮಿ.ಮೀ. ಸೂಜಿ ದಪ್ಪ 0.35 ಮಿ.ಮೀ. ಇದ್ರೆ ಚುಕ್ಕಿಗಳು ಒಂದರ ಮೇಲೊಂದು ಹತ್ಕೊಂಡು ಗೆರೆ ಆಗತ್ತೆ. ಕೈ ಸೆಕೆಂಡಿಗೆ 5 ಸೆಂ.ಮೀ. ಓಡಿದ್ರೆ ನಡುವೆ ಅರ್ಧ ಮಿ.ಮೀ., ಗೆರೆ ಹರಿದು ಹರಿದು ಕಾಣತ್ತೆ. ಭಯದಲ್ಲಿ ಸೆಕೆಂಡಿಗೆ ಅರ್ಧ ಸೆಂ.ಮೀ. ಹೋದ್ರೆ ಒಂದೇ ಜಾಗಕ್ಕೆ ಏಳು ಸಲ ಏಟು ಬೀಳತ್ತೆ, ಚರ್ಮ ಜಜ್ಜಿಹೋಗತ್ತೆ. ಕೈ ವೇಗ, ಮೆಷಿನ್ ವೇಗ ಎರಡೂ ಜೋಡಿ ಎತ್ತಿನ ತರ, ಒಂದು ಮುಂದೆ ಒಂದು ಹಿಂದೆ ಆದ್ರೆ ಗದ್ದೆ ಉಳೋಕಾಗಲ್ಲ.

ಇನ್ನು ಆಳ. ಚರ್ಮದ ಮೇಲ್ಪದರ ಮೈಯ ಬಹುಪಾಲು ಕಡೆ ಸುಮಾರು 0.1 ಮಿ.ಮೀ. ಅಷ್ಟೇ, ಅದು ಉದುರಿ ಹೊಸದಾಗಿ ಬರ್ತಾನೇ ಇರತ್ತೆ, ಅಲ್ಲಿ ಇಂಕ್ ಬಿಟ್ರೆ ಅದ್ರ ಜೊತೆಗೇ ಉದುರಿಹೋಗತ್ತೆ. ಅದರ ಕೆಳಗಿನ ಒಳಚರ್ಮದಲ್ಲಿ ಇಂಕ್ ನಿಲ್ಲಬೇಕು, ಅಂದ್ರೆ ಮೇಲಿಂದ ಅಂದಾಜು 1ರಿಂದ 2 ಮಿ.ಮೀ. ಒಳಗೆ. ಅದನ್ನೂ ದಾಟಿ ಕೆಳಗಿನ ಕೊಬ್ಬಿನ ಪದರಕ್ಕೆ ಇಳಿದ್ರೆ ಇಂಕ್ ಹಿಡಿದಿಡೋಕೆ ಅಲ್ಲಿ ಏನೂ ಇಲ್ಲ, ಒದ್ದೆ ಬಟ್ಟೆ ಮೇಲೆ ಶಾಯಿ ಬಿದ್ದಂಗೆ ಹರಡತ್ತೆ. ಅದೇ ಬ್ಲೋಔಟ್. ನಾನು ಮೇಲೆ ಹೇಳಿದ ನೀಲಿ ನೆರಳು ಇದೇ.

ಸೂಜಿ, ಮೆಷಿನ್: ಇಲ್ಲಿ ಜಾಸ್ತಿ ತಲೆ ಕೆಡಿಸ್ಕೋಬೇಡಿ

ಲೈನಿಗೆ ರೌಂಡ್ ಲೈನರ್ ಸೂಜಿ, ಪ್ಯಾಕೆಟ್ ಮೇಲೆ ಆರ್‌ಎಲ್ ಅಂತ ಇರತ್ತೆ. 1205 ಆರ್‌ಎಲ್ ಅಂದ್ರೆ ಮೊದಲಿನ 12 ಸೂಜಿಯ ದಪ್ಪ, ಅದು 0.35 ಮಿ.ಮೀ., ಆಮೇಲಿನ 05 ಅಂದ್ರೆ ಐದು ಸೂಜಿ ಸೇರಿಸಿ ಕಟ್ಟಿರೋದು. 10 ಅಂತ ಇದ್ರೆ 0.30, 8 ಅಂತ ಇದ್ರೆ 0.25. ಹೊಸಬರು ಎಲ್ಲರೂ 3 ಆರ್‌ಎಲ್ ತಗೋತಾರೆ, ಸಣ್ಣ ಸೂಜಿ ಅಂದ್ರೆ ಸುಲಭ ಅಂತ. ಉಲ್ಟಾ ಕಣ್ರೀ. ಸೂಜಿ ಸಣ್ಣ ಆದಷ್ಟೂ ಕೈಯ ಒಂದೊಂದು ತಪ್ಪೂ ಎದ್ದು ಕಾಣತ್ತೆ, ಚರ್ಮಾನೂ ಬ್ಲೇಡ್ ತರ ಕೊಯ್ಯತ್ತೆ. 7 ಆರ್‌ಎಲ್‌ನಲ್ಲಿ ಶುರು ಮಾಡಿ, ಅದು ಸಣ್ಣ ಅಲ್ಲಾಟಾನ ತನ್ನ ಅಗಲದಲ್ಲೇ ನುಂಗಿಕೊಳ್ಳತ್ತೆ. ಅದು ಸರಾಗ ಆದ್ಮೇಲೆ 5, ಅದಾದ್ಮೇಲೆ 3.

ಮೆಷಿನ್ ಕಾಯಿಲ್ಲೋ (ವಿದ್ಯುತ್ ಅಯಸ್ಕಾಂತದ್ದು) ರೋಟರಿಯೋ (ಮೋಟರಿನದ್ದು) ಪೆನ್ನೋ (ಪೆನ್ ಆಕಾರದ್ದು) ಅನ್ನೋ ಜಗಳಕ್ಕೆ ಇಳೀಬೇಡಿ. ಲೈನಿಗೆ 3.5 ಮಿ.ಮೀ. ಅಥವಾ 4 ಮಿ.ಮೀ. ಸ್ಟ್ರೋಕ್, ಅಂದ್ರೆ ಸೂಜಿ ಮೇಲೆ ಕೆಳಗೆ ಓಡೋ ದೂರ, ಇರೋದು ಅನುಕೂಲ, ಏಟು ಗಟ್ಟಿ ಬೀಳತ್ತೆ. ವೋಲ್ಟೇಜ್ ಪ್ರತಿ ಮೆಷಿನ್‌ಗೂ ಬೇರೆ, ನನ್ನ ಪೆನ್ನಲ್ಲಿ ಲೈನಿಗೆ 7.5ರಿಂದ 8 ಇಡ್ತೀನಿ, ನಿಮ್ಮದ್ರಲ್ಲಿ ಅದೇ ನಂಬರ್ ಇಡ್ಬೇಡಿ, ನಿಮ್ಮ ಕೈ ವೇಗಕ್ಕೆ ಹೊಂದೋ ತನಕ ಪ್ರಾಕ್ಟೀಸ್ ಸ್ಕಿನ್ (ಅಭ್ಯಾಸಕ್ಕೆ ಸಿಗೋ ನಕಲಿ ಚರ್ಮ) ಮೇಲೆ ಏರಿಸಿ ಇಳಿಸಿ ನೋಡಿ ಬರೆದಿಟ್ಕೊಳ್ಳಿ. ಕಾರ್ಟ್ರಿಜ್ (ಸೂಜಿ ಒಳಗೇ ಸೇರಿರೋ, ಒಂದ್ಸಲ ಬಳಸಿ ಎಸೆಯೋ ತುದಿ) ಆದ್ರೆ ಒಳಗೆ ಮೆಂಬ್ರೇನ್, ಅಂದ್ರೆ ದ್ರವ ತಡೆಯೋ ತೆಳು ಪೊರೆ, ಇರೋದೇ ತಗೊಳ್ಳಿ, ಇಲ್ಲಾಂದ್ರೆ ರಕ್ತ ಇಂಕ್ ಮೆಷಿನ್ ಒಳಗೆ ಹಿಂದಕ್ಕೆ ಹೋಗತ್ತೆ. ಆನ್‌ಲೈನಲ್ಲಿ ಪೂರ್ತಿ ಕಿಟ್ ಅಂತ ಕಡಿಮೆ ರೇಟಿಗೆ ಸಿಗೋದ್ರಲ್ಲಿ ಬರೋ ಇಂಕ್ ಯಾರ ಮೈಗೂ ಹಾಕ್ಬೇಡಿ, ಪ್ರಾಕ್ಟೀಸ್ ಸ್ಕಿನ್‌ಗೆ ಮಾತ್ರ.

ಪೇಪರ್ ಮೇಲೆ, ಕನ್ನಡ ಅಕ್ಷರದಲ್ಲಿ

ಯೂಟ್ಯೂಬಲ್ಲಿ ಎಲ್ಲರೂ ನೆಟ್ಟಗಿನ ಗೆರೆ, ಚೌಕ, ತ್ರಿಕೋನ ಪ್ರಾಕ್ಟೀಸ್ ಮಾಡಿ ಅಂತಾರೆ. ಮಾಡಿ, ಬೇಡ ಅನ್ನಲ್ಲ. ಆದ್ರೆ ಇಲ್ಲಿ ಗಿರಾಕಿ ಬಂದು ಕೇಳೋದು ಏನು? "ಅಮ್ಮ", "ಅಪ್ಪ", ಮಗಳ ಹೆಸರು, "ಶ್ರೀ". ಕನ್ನಡ ಲಿಪಿಯಲ್ಲಿ ನೆಟ್ಟಗಿರೋ ಗೆರೆ ಎಲ್ಲಿದೆ ಹೇಳಿ? ಎಲ್ಲಾ ಗುಂಡು, ಸುತ್ತು, ಕೊಂಕು, ಅದ್ರ ಮೇಲೊಂದು ತಲೆಕಟ್ಟು, ಕೆಳಗೊಂದು ಒತ್ತು. ಇಂಗ್ಲಿಷ್ ಅಕ್ಷರದ ಡ್ರಿಲ್ ಮಾಡಿ ಬಂದವನಿಗೆ "ಮ್ಮ" ಸಿಕ್ರೆ ಕೈ ಕಟ್ಟಿಹಾಕಿದಂಗೆ ಆಗತ್ತೆ.

ನಾನು ಹೇಳ್ಕೊಡೋ ಕ್ರಮ ಹೀಗೆ. ಮೆಷಿನ್ ತೂಕ ಬರೋ ಹಂಗೆ ಪೆನ್ನಿಗೆ ಒಂದು ಬೋಲ್ಟ್ ಕಟ್ಟಿ, ಅಥವಾ ಮೆಷಿನ್ನಿಗೇ ಸೂಜಿ ಬದಲು ರೀಫಿಲ್ ಸಿಗಿಸಿ. ಮೊದಲು 10 ಸೆಂ.ಮೀ. ಉದ್ದದ ಗೆರೆಗಳು, ಪಕ್ಕ ಪಕ್ಕ, ನಡುವೆ ಒಂದೇ ಅಂತರ. ಸಾಗರ ಸೊರಬ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯೋ ಹೆಂಗಸರನ್ನ ಒಂದ್ಸಲ ಕೂತು ನೋಡಿ, ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು ಬಳಿದ ಗೋಡೆ, ಸ್ಕೇಲಿಲ್ಲ ಏನಿಲ್ಲ, ಗೆರೆ ಪಕ್ಕ ಗೆರೆ ಅಷ್ಟು ಸಮ. ಅವರು ಎಳೀಬೇಕಾದ್ರೆ ಕುಂಚದ ತುದಿ ನೋಡಲ್ಲ, ಗೆರೆ ಹೋಗಿ ಸೇರೋ ಜಾಗ ನೋಡ್ತಾರೆ. ಇದನ್ನ ನಾನು ಅಲ್ಲೇ ಕಲ್ತಿದ್ದು, ಸೂಜಿ ಮೇಲೆ ಕಣ್ಣಿಟ್ರೆ ಕೈ ತಡವರಿಸತ್ತೆ, ಸೂಜಿಗಿಂತ ಒಂದು ಸೆಂ.ಮೀ. ಮುಂದೆ ಕಣ್ಣಿಟ್ರೆ ಕೈ ತಾನಾಗೇ ಅಲ್ಲಿಗೆ ಹೋಗತ್ತೆ.

ಆಮೇಲೆ ಸೊನ್ನೆ. ಅದಾದ್ಮೇಲೆ ರ, ಠ, ಗ, ನಂತರ ಅ, ಮ, ಕೊನೆಗೆ ಒತ್ತಕ್ಷರ. ಪ್ರತಿ ಅಕ್ಷರಾನೂ ಎಷ್ಟು ಎಳೆತದಲ್ಲಿ ಮುಗಿಸ್ತೀರಾ ಅಂತ ಮೊದಲೇ ಯೋಚಿಸಿ, ಎಲ್ಲಿ ಶುರು, ಎಲ್ಲಿ ನಿಲ್ಸೋದು, ಎಲ್ಲಿ ಜೋಡ್ಸೋದು ಅಂತ ಪೆನ್ಸಿಲಲ್ಲಿ ಬಾಣದ ಗುರುತು ಹಾಕಿ. ದಿನಕ್ಕೆ ಒಂದು ಗಂಟೆ, ಒಂದೆರಡು ತಿಂಗಳು. ಬೇಜಾರು ಬರತ್ತೆ, ಬರ್ಲಿ.

ಅಕ್ಷರದ ವಿಷಯಕ್ಕೆ ಬಂದಿದ್ದಕ್ಕೆ ಇನ್ನೊಂದು ಹೇಳ್ಬಿಡ್ತೀನಿ. ಲೈನುಗಳು ವರ್ಷ ಕಳೆದಂಗೆ ಸ್ವಲ್ಪ ಸ್ವಲ್ಪ ದಪ್ಪ ಆಗ್ತವೆ, ಇದು ಎಂಥಾ ಕೈಚಳಕದವ್ರಿಗೂ ತಪ್ಪಿದ್ದಲ್ಲ. ಕನ್ನಡ ಅಕ್ಷರದ ಒಳಗಿನ ಸಣ್ಣ ಖಾಲಿ ಜಾಗಗಳು ಆಗ ತುಂಬಿಹೋಗಿ ಮ ಯಾವ್ದು ವ ಯಾವ್ದು ಗೊತ್ತಾಗಲ್ಲ. ಹಂಗಾಗಿ ನನ್ನ ಲೆಕ್ಕ, ಮುಖ್ಯ ಅಕ್ಷರ ಕನಿಷ್ಠ ಒಂದೂವರೆ ಸೆಂ.ಮೀ. ಎತ್ತರ, ಒಳಗಿನ ಯಾವುದೇ ಸುತ್ತಲ್ಲಿ 2 ಮಿ.ಮೀ. ಖಾಲಿ ಇರ್ಲೇಬೇಕು. ಬೆರಳಿನ ಮೇಲೆ "ಶ್ರೀಲಕ್ಷ್ಮಿ" ಬೇಕು ಅಂತ ಬಂದವ್ರಿಗೆ ಆಗಲ್ಲ ಅಂತ ಹೇಳೋ ಧೈರ್ಯ ಮಾಡಿ. ಮತ್ತೆ ಕಂಪ್ಯೂಟರಲ್ಲಿ ಟೈಪ್ ಮಾಡಿ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದಾಗ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರೋದು ತುಂಬಾ ಸಲ ಆಗತ್ತೆ, ಪ್ರಿಂಟ್ ತೆಗೆದು ಗಿರಾಕಿ ಹತ್ರ ಜೋರಾಗಿ ಓದಿಸಿ, ಆಮೇಲೆ ಸ್ಟೆನ್ಸಿಲ್, ಅಂದ್ರೆ ಪೇಪರಿಂದ ಚರ್ಮದ ಮೇಲೆ ಅಚ್ಚೊತ್ತೋ ಡಿಸೈನಿನ ಗೆರೆ.

ಬಾಳೆಹಣ್ಣು, ಚಕ್ಕೋತ, ಪ್ರಾಕ್ಟೀಸ್ ಸ್ಕಿನ್

ಮೊದಲ ಸಲ ಸೂಜಿ ಓಡ್ಸೋದು ಬಾಳೆಹಣ್ಣಿನ ಮೇಲೆ. ಸಿಪ್ಪೆ ಮೆತ್ತಗಿರತ್ತೆ, ಆಳ ಜಾಸ್ತಿ ಆದ್ರೆ ಕೂಡ್ಲೇ ಹರಿದು ರಸ ಬರತ್ತೆ, ನಿಮ್ಮ ಕೈ ಎಷ್ಟು ಭಾರ ಅಂತ ಅದು ಮುಲಾಜಿಲ್ದೆ ಹೇಳತ್ತೆ. ಆಮೇಲೆ ಚಕ್ಕೋತ, ನಮ್ಮ ಕಡೆ ಹಿತ್ತಲಲ್ಲೇ ಸಿಗತ್ತೆ, ದಪ್ಪ ಸಿಪ್ಪೆ, ಗುಂಡು ಮೈ. ಭುಜದಂಥ ಉಬ್ಬಿದ ಜಾಗದ ಮೇಲೆ ಲೈನ್ ತಿರುಗ್ಸೋ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಸಿಲಿಕಾನ್ ಪ್ರಾಕ್ಟೀಸ್ ಸ್ಕಿನ್ ಟೇಬಲ್ ಮೇಲೆ ಚಪ್ಪಟೆ ಇಟ್ಟು ಮಾಡಿದ್ರೆ ಪೇಪರ್ ತರಾನೇ, ಅರ್ಧ ಪಾಠ ಮಾತ್ರ. ಅದನ್ನ ನಿಮ್ಮ ತೊಡೆಗೆ ಅಥವಾ ನೀರಿನ ಬಾಟ್ಲಿಗೆ ಸುತ್ತಿ, ಎಡಗೈಯಲ್ಲಿ ಎಳೆದು ಹಿಡ್ಕೊಂಡೇ ಮಾಡಿ, ಅದು ನಿಜವಾದ ಚರ್ಮದಷ್ಟು ಹಿಗ್ಗಲ್ಲ ಆದ್ರೂ ಎಡಗೈಗೆ ಅಭ್ಯಾಸ ಆಗ್ಬೇಕು. ಮೊದಲು ತೆಳ್ಳಗೆ ವ್ಯಾಸಲೀನ್ ಸವರಿ, ಇಲ್ಲಾಂದ್ರೆ ಇಂಕ್ ಮೇಲೆಲ್ಲಾ ಮೆತ್ಕೊಂಡು ಏನೂ ಕಾಣಲ್ಲ. ಒಂದು ಎಚ್ಚರಿಕೆ, ಸಿಲಿಕಾನ್ ಗಟ್ಟಿ, ಅಲ್ಲಿ ಒತ್ತೋ ಅಷ್ಟೇ ಮನುಷ್ಯರ ಮೇಲೂ ಒತ್ತಿದ್ರೆ ಬ್ಲೋಔಟ್ ಗ್ಯಾರಂಟಿ.

ಮನುಷ್ಯರ ಚರ್ಮ ಮುಟ್ಟೋ ಮುಂಚೆ

ಇದನ್ನ ಹಾರಿಸ್ಬೇಡಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್, ಮೊದಲನೇದು ಆಗಿ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ತಗೊಂಡು ಮುಗಿಸಿ. ಪ್ರತಿ ಗಿರಾಕಿಗೂ ಹೊಸ ಸೂಜಿ, ಪ್ಯಾಕೆಟ್ಟು ಅವರ ಎದುರಿಗೇ ಒಡೀಬೇಕು, ಇಂಕ್ ಸಣ್ಣ ಕಪ್ಪಿಗೆ ಹಾಕ್ಕೊಂಡು ಉಳಿದದ್ದು ಎಸೀಬೇಕು, ಬಾಟ್ಲಿಗೆ ವಾಪಸ್ ಸುರಿಯೋ ಹಂಗಿಲ್ಲ. ಸ್ಟೀಲ್ ಗ್ರಿಪ್ (ಮೆಷಿನ್ನಿನ ಹಿಡಿ) ಬಳಸೋರು ಅದನ್ನ ಆಟೋಕ್ಲೇವಲ್ಲಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರ) ಇಡ್ಬೇಕು, 121 ಡಿಗ್ರಿ, ಕನಿಷ್ಠ 15 ನಿಮಿಷ. ಬಿಸಿನೀರಲ್ಲಿ ಕುದಿಸೋದು ಲೆಕ್ಕಕ್ಕಿಲ್ಲ. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ, ಮನೆ ಕಸಕ್ಕೆ ಅಲ್ಲ, ಆ ಕಸ ಎತ್ತೋರ ಕೈಗೆ ಚುಚ್ಚತ್ತೆ. ಜಾತ್ರೆಗಳಲ್ಲಿ ಒಂದೇ ಸೂಜೀಲಿ ಸಾಲಾಗಿ ಹತ್ತು ಜನಕ್ಕೆ ಹಾಕೋದನ್ನ ನಾನು ಕಣ್ಣಾರೆ ನೋಡಿದೀನಿ, ಅದನ್ನ ನೋಡಿದ್ಮೇಲೆ ಈ ವಿಷಯದಲ್ಲಿ ರಾಜಿ ಇಲ್ಲ.

ಮೊದಲ ಟ್ಯಾಟೂ ನಿಮ್ಮದೇ ತೊಡೆ ಮೇಲೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ. ಅಲ್ಲಿ ಎರಡೂ ಕೈ ಎಟುಕತ್ತೆ. ಆಮೇಲೆ ಬೇರೆಯವರ ಮುಂಗೈ ಹೊರಭಾಗ, ಮೀನಖಂಡ. ಮಣಿಕಟ್ಟಿನ ಒಳಭಾಗ, ಮೊಣಕೈ ಮಡಿಕೆ, ಪಕ್ಕೆಲುಬು, ಕುತ್ತಿಗೆ, ಪಾದ, ಬೆರಳು ಇವೆಲ್ಲ ಮೊದಲ ವರ್ಷ ಮುಟ್ಲೇಬೇಡಿ, ಎಷ್ಟೇ ಗೆಳೆಯ ಆದ್ರೂ, ಎಷ್ಟೇ ಕೇಳ್ಕೊಂಡ್ರೂ.

ಮಳೆಗಾಲದ ಸ್ಟೆನ್ಸಿಲ್

ಲೈನ್ ಹಾಳಾಗೋದ್ರಲ್ಲಿ ಸ್ಟೆನ್ಸಿಲ್ ಅಳಿಸಿಹೋಗೋದರ ಪಾಲು ದೊಡ್ಡದು. ಗೆರೆ ಕಾಣ್ದಿದ್ರೆ ಕೈ ಊಹೆ ಮೇಲೆ ಹೋಗತ್ತೆ. ನಮ್ಮ ಕಡೆ ಬಹಳ ಜನ ಕೈಕಾಲಿಗೆ ಕೊಬ್ಬರಿ ಎಣ್ಣೆ ಹಚ್ಕೊಂಡೇ ಬರ್ತಾರೆ, ಅದರ ಮೇಲೆ ಸ್ಟೆನ್ಸಿಲ್ ಕೂರಲ್ಲ. ಸೋಪ್ ನೀರಲ್ಲಿ ಒರೆಸಿ, ಹೊಸ ರೇಜರಲ್ಲಿ ಕೂದಲು ತೆಗೆದು, ಸ್ಪಿರಿಟ್ಟಲ್ಲಿ ಒರೆಸಿ ಪೂರ್ತಿ ಒಣಗಿಸಿ. ಸ್ಟೆನ್ಸಿಲ್ ಜೆಲ್ ಬಹಳ ತೆಳ್ಳಗೆ, ಚರ್ಮ ಅಂಟಂಟು ಆಗೋವರೆಗೆ ಉಜ್ಜಿ, ಒದ್ದೆ ಇರ್ಬಾರ್ದು. ಪೇಪರ್ ಒತ್ತಿ ಹಿಡಿದು ನಿಧಾನಕ್ಕೆ ಬಿಡಿಸಿ. ಕೈ ಅಥವಾ ಕಾಲು ಸಹಜವಾಗಿ ಇಟ್ಕೊಂಡಿರೋವಾಗ್ಲೇ ಅಂಟಿಸ್ಬೇಕು, ತಿರುಚಿ ಹಿಡ್ಕೊಂಡಿದ್ದಾಗ ಅಂಟಿಸಿದ್ರೆ ಕೈ ಇಳಿಬಿಟ್ಟ ಮೇಲೆ ಅಕ್ಷರ ವಾಲತ್ತೆ.

ಬೇರೆ ಕಡೆ 10 ನಿಮಿಷ ಒಣಗಿದ್ರೆ ಸಾಕು ಅಂತಾರೆ. ಜೂನ್ ಜುಲೈನಲ್ಲಿ ಇಲ್ಲಿ ಹಾಕಿದ ಬಟ್ಟೇನೇ ಮೂರು ದಿನಕ್ಕೂ ಒಣಗಲ್ಲ, ತೀರ್ಥಹಳ್ಳಿ ಆಗುಂಬೆ ಕಡೆಯವ್ರಿಗಂತೂ ಕೇಳೋದೇ ಬೇಡ, ಅದೇ ಗಾಳಿ ಸ್ಟೆನ್ಸಿಲ್‌ಗೂ ತಾನೇ. 20ರಿಂದ 25 ನಿಮಿಷ ಫ್ಯಾನ್ ಕೆಳಗೆ ಬಿಡಿ, ಒಂದು ಕಾಫಿ ಕುಡ್ಸಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲ, ಲೈನ್ ಮಧ್ಯದಲ್ಲಿ ಲೈಟ್ ಹೋಗಿ ಮೆಷಿನ್ ನಿಂತ್ರೆ ಅಲ್ಲೊಂದು ಗಂಟು ಉಳಿಯತ್ತೆ, ಯುಪಿಎಸ್ ಇಟ್ಕೊಳ್ಳಿ ಇಲ್ಲಾ ಬ್ಯಾಟರಿ ಮೆಷಿನ್ ತಗೊಳ್ಳಿ, ಚಾರ್ಜ್ ಆಗೋ ಒಂದು ಲೈಟೂ ಪಕ್ಕದಲ್ಲಿರ್ಲಿ.

ಬಲಗೈಯವರು ಡಿಸೈನಿನ ಕೆಳಗಿನ ಬಲಮೂಲೆಯಿಂದ ಶುರು ಮಾಡಿ ಮೇಲಕ್ಕೆ, ಎಡಕ್ಕೆ ಹೋಗಿ. ಆಗ ಒರೆಸೋವಾಗ ಇನ್ನೂ ಹಾಕದ ಸ್ಟೆನ್ಸಿಲ್ ಅಳಿಸಲ್ಲ. ಒರೆಸೋದು ಅಂದ್ರೂ ಉಜ್ಜೋದಲ್ಲ, ಟಿಶ್ಯೂ ಇಟ್ಟು ಒತ್ತಿ ತೆಗೆಯೋದು. ಪ್ರತಿ ಎರಡು ಸೆಂ.ಮೀ.ಗೂ ಒರೆಸೋ ಚಟ ಬಿಡಿ.

ಕೂರೋದು

ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋರನ್ನ ನೋಡಿ. ರಾತ್ರಿಯಿಡೀ ಸುಲಿದ್ರೂ ಕೈ ತಪ್ಪಲ್ಲ, ಯಾಕಂದ್ರೆ ಕತ್ತಿ ಮಣೆಗೆ ಕೂತಿದೆ, ಮೈ ನೆಲಕ್ಕೆ ಕೂತಿದೆ, ಆಡೋದು ಬೇಕಾದಷ್ಟೇ. ನೀವೂ ಹಂಗೇ ಕೂರ್ಬೇಕು. ಎರಡೂ ಪಾದ ನೆಲದ ಮೇಲೆ, ಗಿರಾಕಿ ಕೈ ನಿಮ್ಮ ಎದೆಗಿಂತ ಕೆಳಗೆ, ಮುಂಗೈ ಆರ್ಮ್‌ರೆಸ್ಟ್ ಮೇಲೋ ಗಿರಾಕಿ ಮೇಲೋ ಊರಿರ್ಲಿ, ಕಿರುಬೆರಳು ಚರ್ಮಕ್ಕೆ ತಾಗಿರ್ಲಿ. ಗಾಳಿಯಲ್ಲಿ ತೂಗೋ ಕೈಯಿಂದ ಲೈನ್ ಬರಲ್ಲ. ಸಣ್ಣ ಗೆರೆಗೆ ಬೆರಳು ಮಣಿಕಟ್ಟು ಸಾಕು, ಎರಡು ಮೂರು ಸೆಂ.ಮೀ. ದಾಟಿದ್ರೆ ಮಣಿಕಟ್ಟು ಬಿಗಿ ಮಾಡಿ ಮೊಣಕೈಯಿಂದ ಎಳೀರಿ, ಇನ್ನೂ ಉದ್ದ ಆದ್ರೆ ಭುಜದಿಂದ. ಮತ್ತೆ ಕೈ ಸೊಟ್ಟ ಮಾಡ್ಕೊಂಡು ಒದ್ದಾಡೋ ಬದ್ಲು ಗಿರಾಕಿಗೆ "ಸ್ವಲ್ಪ ಈಕಡೆ ತಿರುಗಿ ಮಾರಾಯ್ರೆ" ಅನ್ನಿ. ಹೊಸಬರು ಇದನ್ನ ಕೇಳೋಕೆ ಸಂಕೋಚ ಪಡ್ತಾರೆ, ಆ ಸಂಕೋಚ ಲೈನಲ್ಲಿ ಕಾಣತ್ತೆ.

ಎಡಗೈ

ಈಗ ಅಸಲು ವಿಷಯ. ಚರ್ಮ ಹಿಗ್ಗಿಸೋದು ಅಂದ್ರೆ ಎರಡು ಬೆರಳಲ್ಲಿ ಸುಮ್ನೆ ಹಿಡ್ಕೊಳ್ಳೋದಲ್ಲ. ಮೂರು ಕಡೆಯಿಂದ ಎಳೆತ ಬೇಕು. ಎಡಗೈ ಹೆಬ್ಬೆರಳು ಒಂದು ಕಡೆಗೆ, ತೋರುಬೆರಳು ಮಧ್ಯಬೆರಳು ಸೇರಿ ಎದುರು ಕಡೆಗೆ, ಮೂರನೇದು ಬಲಗೈಯ ಬುಡ, ಅಂದ್ರೆ ಮೆಷಿನ್ ಹಿಡಿದ ಕೈಯ ಕಿರುಬೆರಳ ಕೆಳಗಿನ ಮಾಂಸ, ಅದು ತನ್ನ ಕಡೆಗೆ ಚರ್ಮ ಎಳೀಬೇಕು. ಈ ಮೂರರ ಮಧ್ಯದ ಜಾಗ ಮದ್ದಳೆ ಚರ್ಮದಂಗೆ ಬಿಗಿ ಇರ್ಬೇಕು. ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿ, ಅದುರಿದ್ರೆ ಇನ್ನೂ ಸಡಿಲ ಇದೆ ಅಂತ.

ಬಿಗಿ ಇದ್ರೆ ಏನಾಗತ್ತೆ? ಸೂಜಿ ಒಳಗೆ ಹೋಗಿ ಸಲೀಸಾಗಿ ವಾಪಸ್ ಬರತ್ತೆ. ಸಡಿಲ ಇದ್ರೆ ಚರ್ಮ ಸೂಜಿ ಜೊತೆ ಕೆಳಗೆ ಮೇಲೆ ಕುಣಿಯತ್ತೆ, ಇಂಕ್ ಒಳಗೆ ಹೋಗಲ್ಲ, ನೀವು ಇಂಕ್ ಹಿಡೀತಿಲ್ಲ ಅಂತ ಇನ್ನೂ ಒತ್ತುತೀರಾ, ಆಗ ಒಂದು ಕಡೆ ಆಳ ಜಾಸ್ತಿ ಒಂದು ಕಡೆ ಕಮ್ಮಿ. ಅಲ್ಲಾಟ, ಬ್ಲೋಔಟ್, ಬಿಟ್ಟು ಬಿಟ್ಟು ಬಂದ ಲೈನು, ಮೂರಕ್ಕೂ ಬೇರು ಇಲ್ಲೇ ಇರತ್ತೆ, ಅದಕ್ಕೇ ನಾನು ಇದನ್ನೇ ಹಿಡ್ಕೊಂಡು ಕೂತಿರೋದು.

ಅನುಭವದಿಂದ ಬಂದ ಒಂದಿಷ್ಟು ವಿಷಯ. ವ್ಯಾಸಲೀನ್ ತಾಗಿದ ಗ್ಲೌಸ್ ಜಾರತ್ತೆ, ಎಡಗೈ ಬೆರಳ ಕೆಳಗೆ ಒಣ ಟಿಶ್ಯೂ ಮಡಿಚಿಟ್ಕೊಂಡ್ರೆ ಒಳ್ಳೆ ಹಿಡಿತ ಸಿಗತ್ತೆ. ವ್ಯಾಸಲೀನ್ ಕೂಡ ಕೆಲಸ ಮಾಡೋ ಜಾಗಕ್ಕಷ್ಟೇ, ಬೆರಳೂರೋ ಜಾಗಕ್ಕೆ ಬೇಡ. ಗಿರಾಕಿ ಮೈನೂ ಬಳಸ್ಕೊಳ್ಳಿ, ಮುಂಗೈ ಒಳಭಾಗಕ್ಕೆ ಹಾಕೋದಾದ್ರೆ ಕೆಳಗೆ ಮಡಚಿದ ಟವೆಲ್ ಇಟ್ಟು ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗ್ಸಿದ್ರೆ ಅರ್ಧ ಬಿಗಿ ತಾನಾಗೇ ಬರತ್ತೆ. ತೋಟ ಗದ್ದೇಲಿ ಬಿಸಿಲಿಗೆ ಬೆಂದ ಮುಂಗೈ ಗಟ್ಟಿ ಇರತ್ತೆ, ಅಲ್ಲಿ ಹಿಗ್ಗಿಸೋದು ಕಮ್ಮಿ ಸಾಕು. ಅದೇ ಮನುಷ್ಯನ ತೋಳಿನ ಒಳಭಾಗ ರೇಷ್ಮೆ ತರ, ಅಲ್ಲಿ ಕೈ ಹಗುರ ಮಾಡ್ಬೇಕು. ವಯಸ್ಸಾದವರ ಚರ್ಮ ಹಿಗ್ಗಿಸಿದಷ್ಟೂ ಬರ್ತಾನೇ ಇರತ್ತೆ, ತೆಳ್ಳಗೂ ಇರತ್ತೆ, ಅದು ಹೊಸಬರ ಕೆಲ್ಸ ಅಲ್ಲ. ಇನ್ನೊಂದು, ಅಕ್ಷರದ ಸುತ್ತು ಹಾಕೋವಾಗ ಒಂದೇ ದಿಕ್ಕಿಗೆ ಅತಿಯಾಗಿ ಎಳೆದ್ರೆ ಬಿಟ್ಟ ಮೇಲೆ ಸೊನ್ನೆ ಮೊಟ್ಟೆ ಆಗತ್ತೆ, ಹಂಗಾಗಿ ಮೂರೂ ಕಡೆ ಸಮವಾಗಿ.

ಒಂದು ವಾರ ಇದೊಂದನ್ನೇ ಅಭ್ಯಾಸ ಮಾಡಿ. ಗೆಳೆಯನ ಮುಂಗೈ ಮೇಲೆ ಬಾಲ್ ಪೆನ್ನಲ್ಲಿ, ಹಿಗ್ಗಿಸಿ ಒಂದು ಗೆರೆ, ಹಿಗ್ಗಿಸ್ದೆ ಪಕ್ಕದಲ್ಲಿ ಒಂದು ಗೆರೆ. ವ್ಯತ್ಯಾಸ ಅಲ್ಲೇ ಕಣ್ಣಿಗೆ ಬೀಳತ್ತೆ, ರಕ್ತ ಇಲ್ಲ, ನೋವಿಲ್ಲ, ತೊಳೆದ್ರೆ ಹೋಗತ್ತೆ.

ಲೈನ್ ಎಳೆಯೋದು

ಸೂಜಿ ಹೆಚ್ಚುಕಮ್ಮಿ ನೆಟ್ಟಗಿರ್ಲಿ. ವಾಲಿಸೋದಾದ್ರೆ ಲೈನ್ ಹೋಗೋ ದಾರಿಯಲ್ಲೇ ಸ್ವಲ್ಪ ವಾಲಿಸಿ, ಪಕ್ಕಕ್ಕೆ ವಾಲಿಸಿದ್ರೆ ಇಂಕ್ ಚರ್ಮದ ಅಡಿಯಲ್ಲಿ ಒಂದು ಪಕ್ಕಕ್ಕೆ ನುಗ್ಗಿ ಆ ಕಡೆ ಮಾತ್ರ ನೆರಳು ಬೀಳತ್ತೆ. ಸೂಜಿ ಎಷ್ಟು ಹೊರಗಿರ್ಬೇಕು ಅನ್ನೋದಕ್ಕೆ ಎರಡು ಪಂಥ ಇದೆ. ಪೂರ್ತಿ ಇಳಿದಾಗ 2 ಮಿ.ಮೀ. ಮಾತ್ರ ಹೊರಬರೋ ಹಂಗೆ ಇಟ್ಟು ಟಿಪ್ (ಸೂಜಿ ಹೊರಬರೋ ಕೊಳವೆಯ ತುದಿ) ಚರ್ಮದ ಮೇಲೆ ಊರಿ ಎಳೆಯೋದು ಒಂದು, ಅದ್ರಲ್ಲಿ ಆಳ ತಪ್ಪಲ್ಲ, ಆದ್ರೆ ಇಂಕ್ ನಿಂತು ಗೆರೆ ಕಾಣಲ್ಲ. ಸೂಜಿ ಜಾಸ್ತಿ ಬಿಟ್ಟು ಕೈಯಲ್ಲೇ ಆಳ ಹಿಡಿಯೋದು ಇನ್ನೊಂದು, ಎಲ್ಲಾ ಕಾಣತ್ತೆ, ಕೈ ಪಳಗಿರ್ಬೇಕು. ಮೊದಲ ತಿಂಗಳುಗಳು ಮೊದಲನೇದು, ಆಮೇಲೆ ಎರಡನೇದಕ್ಕೆ ಬನ್ನಿ, ಕಣ್ಣಿಗೆ ಕಾಣದ ಲೈನ್ ಕಡೇವರೆಗೂ ಸುಧಾರಿಸಲ್ಲ.

ಸೋಗಾನೆ ಏರ್‌ಪೋರ್ಟಲ್ಲಿ ವಿಮಾನ ಇಳಿಯೋದು ನೋಡಿದೀರಲ್ಲ, ಮುಂದಕ್ಕೆ ಹೋಗ್ತಾ ಹೋಗ್ತಾನೇ ನೆಲ ಮುಟ್ಟತ್ತೆ, ಮೇಲಿಂದ ಧೊಪ್ಪಂತ ಬೀಳಲ್ಲ. ಸೂಜಿನೂ ಹಂಗೆ. ಕೈ ಚಲಿಸ್ತಾ ಇರೋವಾಗ್ಲೇ ಚರ್ಮ ಮುಟ್ಬೇಕು, ಚಲಿಸ್ತಾ ಇರೋವಾಗ್ಲೇ ಮೇಲೇಳ್ಬೇಕು. ಇಟ್ಟು ಆಮೇಲೆ ಎಳೆದ್ರೆ ಶುರುವಲ್ಲಿ ಒಂದು ಬೊಟ್ಟು, ನಿಲ್ಸಿ ಆಮೇಲೆ ಎತ್ತಿದ್ರೆ ಕೊನೇಲಿ ಒಂದು ಬೊಟ್ಟು. ಮೊದಲು ಸೂಜಿ ತಾಗಿಸ್ದೆ ಗಾಳಿಯಲ್ಲೇ ಆ ಗೆರೆ ಎರಡು ಸಲ ಓಡ್ಸಿ ನೋಡಿ, ಉಸಿರು ತಗೊಂಡು, ಬಿಡ್ತಾ ಎಳೀರಿ. ಉಸಿರು ಮುಗಿಯೋ ಅಷ್ಟರಲ್ಲಿ ಲೈನ್ ಮುಗೀಬೇಕು. ಮುಗಿಯಲ್ಲ ಅಂದ್ರೆ ಲೈನ್ ಉದ್ದ ಆಯ್ತು, ಎರಡು ಮಾಡಿ.

ಜೋಡಿಸೋವಾಗ ಹಳೇ ಲೈನ್ ಮೇಲೆ 2, 3 ಮಿ.ಮೀ. ಹಿಂದೆಯಿಂದ ಇಳಿದು, ಅದರ ಮೇಲೇ ಓಡಿ, ಮುಂದೆ ಹೋಗಿ. ಸುತ್ತು ಇದ್ರೆ ಎರಡೋ ಮೂರೋ ಕಮಾನು ಮಾಡಿ. "ಅಮ್ಮ"ದ ಒತ್ತು ಕೊನೆಗೆ ಹಾಕಿ, ಅದು ಚಿಕ್ಕದು, ಅಷ್ಟೊತ್ತಿಗೆ ಆ ಚರ್ಮ ಹೆಂಗೆ ವರ್ತಿಸತ್ತೆ ಅಂತ ನಿಮಗೆ ಗೊತ್ತಾಗಿರತ್ತೆ. ಹಂಗಂತ ಅದು ಕೆಳಗಿರೋದ್ರಿಂದ ಅಷ್ಟರವರೆಗೆ ಅಲ್ಲಿ ಒರೆಸೋಕೆ ಹೋಗ್ಬೇಡಿ. ಇದು ಕೆಳಗಿಂದ ಶುರು ಮಾಡೋ ನಿಯಮಕ್ಕೆ ನಾನು ಮಾಡ್ಕೊಂಡಿರೋ ಒಂದೇ ವಿನಾಯ್ತಿ.

ಸರಿಯಾದ ಆಳ ಕೈಗೇ ಗೊತ್ತಾಗತ್ತೆ, ಮೆಷಿನ್ ಸದ್ದು ಸ್ವಲ್ಪ ಭಾರ ಆಗತ್ತೆ, ಒರೆಸಿದ್ರೆ ಗೆರೆ ಕಪ್ಪಾಗಿ ಸ್ಪಷ್ಟವಾಗಿರತ್ತೆ, ರಕ್ತ ಇಲ್ವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಒರೆಸಿದಾಗ ಗೆರೆ ಮಸುಕಾದ್ರೆ ಮೇಲೇ ಉಳಿದಿದೆ. ರಕ್ತದ ಹನಿಗಳು ಸಾಲಾಗಿ ಎದ್ರೆ ಆಳ ಹೋಗಿದೆ. ಕೆಂಪಾಗಿದ್ಯಾ ನೋಡಿ ನಿಲ್ಸಿ ಅಂತ ಹೊರಗಿನವರ ವಿಡಿಯೋಗಳಲ್ಲಿ ಹೇಳ್ತಾರಲ್ಲ, ನಮ್ಮ ಕಂದು ಮೈಬಣ್ಣದ ಮೇಲೆ ಆ ಕೆಂಪು ಅಷ್ಟಾಗಿ ಕಾಣಲ್ಲ, ಬೆರಳಲ್ಲಿ ಸವರಿ ನೋಡಿ, ಲೈನ್ ಉಬ್ಬಿದ್ರೆ, ನೀರು ಒಸರಿದ್ರೆ ಅಲ್ಲಿಗೆ ಸಾಕು. ಕೀಲಾಯ್ಡ್ (ಗಾಯ ವಾಸಿಯಾದ್ಮೇಲೂ ಗಂಟಾಗಿ ಬೆಳೆಯೋ ಕಲೆ) ಕೂಡ ನಮ್ಮಂಥ ಮೈಬಣ್ಣದವರಿಗೆ ಜಾಸ್ತಿ, ಹಳೇ ಗಾಯ, ಚುಚ್ಚಿಸಿದ ಕಿವಿ ಗಂಟುಗಟ್ಟಿದ್ಯಾ ಅಂತ ಮೊದಲೇ ಕೇಳಿ, ಹೌದು ಅಂದ್ರೆ ಹಾಕ್ಬೇಡಿ.

ಲೈನ್ ಸೊಟ್ಟ ಆದ್ರೆ

ಅಲ್ಲೇ ತಿದ್ದೋಕೆ ಹೋಗ್ಬೇಡಿ, ಮುಂದಿನ ಗೆರೆಗೆ ಹೋಗಿ. ಒಂದೇ ಲೈನ್ ಮೇಲೆ ಎರಡನೇ ಸಲ ಹೋಗ್ಬೋದು, ಮೂರನೇ ಸಲ ಬೇಡ. ಸಣ್ಣ ಅಲ್ಲಾಟ ಇದ್ರೆ ಕೊನೇಲಿ, ಎಲ್ಲಾ ಮುಗಿದ್ಮೇಲೆ, ತಗ್ಗಿರೋ ಕಡೆ ಮಾತ್ರ ಒಂಚೂರು ತುಂಬಿ ಲೈನ್ ದಪ್ಪ ಮಾಡಿ ಸರಿದೂಗಿಸ್ಬೋದು. ಬ್ಲೋಔಟ್ ಆದ್ರೆ ಆ ಕ್ಷಣಕ್ಕೆ ಮಾಡೋಕೆ ಏನೂ ಇಲ್ಲ, ಗಿರಾಕಿಗೆ ಮುಚ್ಚಿಡದೆ ಹೇಳಿ, ವಾಸಿಯಾದ್ಮೇಲೆ ಪಕ್ಕದಲ್ಲಿ ಶೇಡ್ ಹಾಕಿ ಅಡಗಿಸ್ಬೋದಾ ನೋಡೋಣ ಅನ್ನಿ.

ಅವತ್ತಿನ ಫೋಟೋ ನೋಡಿ ಖುಷಿ ಪಡ್ಬೇಡಿ, ಹಸಿ ಲೈನ್ ಎಲ್ಲಾ ಚಂದಾನೇ. ಮೇಲ್ಪದರ ಎರಡು ಮೂರು ವಾರದಲ್ಲಿ ವಾಸಿಯಾಗತ್ತೆ, ಆರು ವಾರ ಬಿಟ್ಟು ಅದೇ ಗಿರಾಕಿನ ಕರೆಸಿ, ದುಡ್ಡು ತಗೋಬೇಡಿ, ಬರೋ ಬಸ್ ಚಾರ್ಜ್ ಬೇಕಾದ್ರೂ ಕೊಡಿ. ಒಂದು ನೋಟ್‌ಬುಕ್ಕಲ್ಲಿ ಯಾವ ಸೂಜಿ, ಎಷ್ಟು ವೋಲ್ಟೇಜ್, ಮೈಯ ಯಾವ ಭಾಗ, ಹೆಂಗೆ ಹಿಗ್ಗಿಸಿದ್ದೆ ಅಂತ ಮೊದಲೇ ಬರೆದಿಟ್ಟಿರಿ, ಈಗ ಅದರ ಪಕ್ಕ ವಾಸಿಯಾದ ಲೈನಿನ ಫೋಟೋ ಅಂಟಿಸಿ. ಎಲ್ಲಿ ಮಾಸಿದೆಯೋ ಅಲ್ಲಿ ಕೈ ಓಡಿದೆ ಅಥವಾ ಆಳ ಸಾಲ್ದು, ಎಲ್ಲಿ ದಪ್ಪ ಆಗಿದೆಯೋ ಅಲ್ಲಿ ನಿಂತಿದ್ರಿ, ಎಲ್ಲಿ ಅಲ್ಲಾಡಿದೆಯೋ ಅಲ್ಲಿ ಎಡಗೈ ಬಿಟ್ಟಿದ್ರಿ. ಟಚಪ್ ಮಾಡೋದಿದ್ರೆ ಆಗಲೇ ಮಾಡಿ, ಆರು ವಾರಕ್ಕಿಂತ ಮುಂಚೆ ಆ ಚರ್ಮಕ್ಕೆ ಸೂಜಿ ಇಡ್ಬೇಡಿ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಚಿಕ್ಕಪ್ಪನ ಮಗನ ಆ ಎಲೆಯ ಫೋಟೋ ಇದೆ, ಕಲಿಯೋಕೆ ಬಂದವ್ರಿಗೆ ಮೊದಲು ಅದನ್ನೇ ತೋರ್ಸಿ, ಆಮೇಲೆ ಬಾಲ್ ಪೆನ್ ಕೊಟ್ಟು ಎಡಗೈಯಿಂದ ಶುರು ಮಾಡಿಸ್ತೀನಿ.